ಡಿವಿಡಿಯೊಳಗಿನ ಶಾಸನ: ಫೈಲ್ ಚಿಕ್ಕದಾಗಲಿ, ಅಕ್ಷರ ಅಳಿಯದಿರಲಿ

ಸುಮಾರು 2003ರಿಂದ 2012ರವರೆಗೆ ನಮ್ಮ ಕಡೆ ಕ್ಯಾಮೆರಾದಲ್ಲಿ ಏನೇ ಹಿಡಿದರೂ ಅದು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಡಿವಿಡಿಯಲ್ಲೇ. ರೂಪನಗುಡಿ, ಕುರುಗೋಡು, ಸಿರುಗುಪ್ಪ ಕಡೆಯ ಊರುಗಳಲ್ಲಿ ಜಾತ್ರೆ, ತೇರು, ಗುಡಿಯ ಜೀರ್ಣೋದ್ಧಾರ, ಕಳಸಾರೋಹಣ ಎಲ್ಲಕ್ಕೂ ಒಂದೊಂದು ಡಿವಿಡಿ ಇರುತ್ತಿತ್ತು. ಇದರ ಜೊತೆಗೆ ಶಾಸನ ಹುಡುಕುತ್ತಾ ಊರೂರು ತಿರುಗಿದ ಮೇಷ್ಟ್ರುಗಳು, ಸಂಶೋಧಕರು, ಹವ್ಯಾಸಿಗಳು ತೆಗೆದ ಕ್ಷೇತ್ರಕಾರ್ಯದ ವಿಡಿಯೊಗಳೂ ಇವೆ. ಈಗ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇಲ್ಲ. ಹಾಗಾಗಿ ಎಲ್ಲರೂ ಒಂದೇ ಕೆಲಸಕ್ಕೆ ಕೈಹಾಕಿದ್ದಾರೆ: ಡಿವಿಡಿ ಹಾಕೋದು, ಒಂದು ಸಾಫ್ಟ್‌ವೇರಿನಲ್ಲಿ ಚಿಕ್ಕ ಫೈಲ್ ಮಾಡೋದು, ಪೆನ್‌ಡ್ರೈವ್‌ಗೆ ತುಂಬೋದು, ಡಿವಿಡಿಯನ್ನು ಅಟ್ಟಕ್ಕೋ ಗುಜರಿಗೋ ಕಳಿಸೋದು.

ಮದುವೆ ವಿಡಿಯೊಗೆ ಇದು ನಡೆಯುತ್ತದೆ. ಶಾಸನದ ವಿಡಿಯೊಗೆ ನಡೆಯೋದಿಲ್ಲ. ಯಾಕೆ ನಡೆಯೋದಿಲ್ಲ, ನಡೆಯಬೇಕಾದರೆ ಯಾವ ಸೆಟ್ಟಿಂಗ್ ಇಡಬೇಕು ಅನ್ನೋದೇ ಈ ಬರಹದ ವಿಷಯ.

ನಮ್ಮ ಜಿಲ್ಲೆಗೆ ಇದು ಯಾಕೆ ಮುಖ್ಯ

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಅದಕ್ಕೇ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕಾದ ಹಳೆಯ ಸಂಪುಟಗಳಲ್ಲಿ ನಮ್ಮೂರುಗಳನ್ನು ಹುಡುಕಿದರೆ ಸಿಗೋದಿಲ್ಲ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೇ ಸಂಪುಟದಲ್ಲಿ ಎರಡು ಭಾಗಗಳಾಗಿ ಬಂದವು. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ ಹೊರತಂದಿತು. ಇವುಗಳಲ್ಲಿ ಪಾಠ ಸಿಗುತ್ತದೆ, ಆದರೆ ಪ್ರತಿ ಕಲ್ಲಿನ ಚಿತ್ರ ಸಿಗೋದಿಲ್ಲ. ಮುದ್ರಿತ ಪಾಠದ ಬಗ್ಗೆ ಅನುಮಾನ ಬಂದರೆ ಕಲ್ಲಿನ ಹತ್ತಿರವೇ ಹೋಗಬೇಕು.

ಕಲ್ಲು ಇದ್ದರೆ ಹೋಗಬಹುದು. ರಸ್ತೆ ಅಗಲ ಮಾಡುವಾಗ, ಗುಡಿಗೆ ಹೊಸ ಬಂಡೆ ಕೂಡಿಸುವಾಗ, ನಿಧಿ ಆಸೆಗೆ ಅಗೆಯುವಾಗ ಎಷ್ಟೋ ಕಲ್ಲುಗಳು ಜಾಗ ಬಿಟ್ಟಿವೆ. ಇನ್ನು ಕೆಲವಕ್ಕೆ ಎಣ್ಣೆ, ಕುಂಕುಮ, ಸುಣ್ಣ, ಕಡೆಗೆ ಆಯಿಲ್ ಪೇಂಟ್ ಕೂಡ ಬಿದ್ದಿದೆ. ಕಪ್ಪಗಲ್ಲು ಬಳಿಯ ಗುಡ್ಡದ ಇತಿಹಾಸಪೂರ್ವ ಗೀರುಚಿತ್ರಗಳಿಗೆ ಕಲ್ಲುಗಣಿಯಿಂದ ಬಂದ ಅಪಾಯ ಇಡೀ ಲೋಕಕ್ಕೆ ಗೊತ್ತಾಯಿತು. ಹೊಲದ ಬದುವಿನ ವೀರಗಲ್ಲಿಗೆ ಬಂದ ಅಪಾಯ ಯಾರಿಗೂ ಗೊತ್ತಾಗೋದಿಲ್ಲ. ಇಂಥ ಕಲ್ಲು 2006ರ ಒಂದು ಜಾತ್ರೆ ವಿಡಿಯೊದಲ್ಲಿ ತೇರಿನ ಹಿಂದೆ ಎಂಟು ಸೆಕೆಂಡು ಕಂಡಿದ್ದರೆ, ಆ ಎಂಟು ಸೆಕೆಂಡೇ ಅದರ ಚಿತ್ರಸಾಕ್ಷಿ. ಅದನ್ನು ತಪ್ಪು ಸೆಟ್ಟಿಂಗಿನಲ್ಲಿ ಕುಗ್ಗಿಸಿ ಡಿವಿಡಿ ಬಿಸಾಕಿದರೆ ಕಲ್ಲು ಎರಡನೇ ಸಲ ಕಳೆದುಹೋದಂತೆ.

ಡಿವಿಡಿಯಲ್ಲಿ ಇರೋದೇ ಎಷ್ಟು?

ಮೊದಲು ಲೆಕ್ಕ ನೋಡೋಣ. ನಮ್ಮ ದೇಶದ ಡಿವಿಡಿ ಪಾಲ್ ಪದ್ಧತಿಯದ್ದು. ಒಂದು ಫ್ರೇಮಿಗೆ ಅಡ್ಡ 720, ಉದ್ದ 576 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮು. ಐದು ಅಡಿ ಎತ್ತರದ ಒಂದು ಶಾಸನಗಲ್ಲನ್ನು ಪೂರ್ತಿ ಫ್ರೇಮಿಗೆ ತುಂಬಿಸಿ ತೆಗೆದಿದ್ದಾರೆ ಅಂದುಕೊಳ್ಳಿ. ಸುಮಾರು 1,524 ಮಿಲಿಮೀಟರನ್ನು 576 ಗೆರೆಗೆ ಹಂಚಿದರೆ ಒಂದು ಗೆರೆಗೆ 2.6 ಮಿ.ಮೀ. ಬರುತ್ತದೆ. ಒಂದು ಇಂಚು ಎತ್ತರದ ಅಕ್ಷರಕ್ಕೆ ಸಿಗೋದು 9-10 ಗೆರೆ. 6 ಮಿ.ಮೀ. ಅಗಲದ ಅನುಸ್ವಾರಕ್ಕೆ ಎರಡೇ ಗೆರೆ. ಅದೇ ಹತ್ತಿರ ಹೋಗಿ ಅರ್ಧ ಮೀಟರ್ ಎತ್ತರವನ್ನು ಮಾತ್ರ ಫ್ರೇಮಿಗೆ ತಂದಿದ್ದರೆ ಅಕ್ಷರಕ್ಕೆ 29 ಗೆರೆ, ಅನುಸ್ವಾರಕ್ಕೆ 7 ಗೆರೆ ಸಿಗುತ್ತವೆ. ಅಂದ್ರೆ ದೂರದ ಶಾಟ್‌ನಲ್ಲಿ ನಮ್ಮ ಹತ್ತಿರ ಇರುವ ಬಂಡವಾಳವೇ ಎರಡು ಗೆರೆ. ಅದರಲ್ಲಿ ಒಂದು ಹೋದರೂ ಅನುಸ್ವಾರ ಹೋಯಿತು.

ಎರಡನೆಯದು, ಡಿವಿಡಿಯೇ ಒಂದು ಸಲ ಕುಗ್ಗಿದ ಸರಕು. ಆ ಫ್ರೇಮುಗಳನ್ನು ಕುಗ್ಗಿಸದೇ ಇಟ್ಟರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್ ಬೇಕು. ಡಿವಿಡಿಯ ವಿಡಿಯೊಗೆ ಇರುವ ಮಿತಿ 9.8 ಮೆಗಾಬಿಟ್. ಒಂದು 4.7 ಜಿಬಿ ಡಿಸ್ಕಿಗೆ ಎರಡು ಗಂಟೆ ತುಂಬಿಸಿದ್ದರೆ ಸರಾಸರಿ 5.2 ಮೆಗಾಬಿಟ್, ಅಂದ್ರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ನಾಲ್ಕು ಗಂಟೆ ತುಂಬಿಸಿದ್ದರೆ 2.6 ಮೆಗಾಬಿಟ್ ಮಾತ್ರ. ಡಿವಿಡಿ ರೆಕಾರ್ಡರಿನಲ್ಲಿ ಎಕ್ಸ್‌ಪಿ, ಎಸ್‌ಪಿ, ಎಲ್‌ಪಿ ಅಂತ ಇರುತ್ತಿದ್ದ ಆಯ್ಕೆಗಳ ಅರ್ಥ ಇದೇ. ಹೀಗೆ ಒಂದು ಸಲ ಹಿಂಡಿದ್ದನ್ನು ನಾವು ಮತ್ತೆ ಹಿಂಡುತ್ತೇವೆ. ಹೊಸ ಕೋಡೆಕ್ ಎಷ್ಟೇ ಜಾಣ ಇರಲಿ, ಎರಡನೇ ಹಿಂಡುವಿಕೆಯಲ್ಲಿ ಹೊಸದಾಗಿ ಏನೂ ಸೇರೋದಿಲ್ಲ, ಇದ್ದದ್ದು ಒಂದಿಷ್ಟು ಹೋಗುತ್ತದೆ.

ಇನ್ನೊಂದು ಮಾತು: ಡಿವಿಡಿ ಮಾಡಿಸುವ ಮುಂಚಿನ ಮಿನಿ ಡಿವಿ ಟೇಪ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಡಿವಿಡಿಯನ್ನು ಪಕ್ಕಕ್ಕಿಟ್ಟು ಅದನ್ನೇ ಹಿಡಿಯಿರಿ. ಅದರಲ್ಲಿ ಸೆಕೆಂಡಿಗೆ 25 ಮೆಗಾಬಿಟ್ ವಿಡಿಯೊ ಇದೆ, ಪ್ರತಿ ಫ್ರೇಮೂ ಸ್ವತಂತ್ರವಾಗಿದೆ. ಮೇಲಾಗಿ ಚಿತ್ರ ತೆಗೆದ ದಿನಾಂಕ, ಗಳಿಗೆ ಟೇಪಿನೊಳಗೇ ದಾಖಲಾಗಿರುತ್ತದೆ. ಡಿವಿಡಿಗೆ ಹೋಗುವಾಗ ಅದು ಬಿಟ್ಟುಹೋಗುತ್ತದೆ.

ಕೋಡೆಕ್ ಯಾರ ಕಣ್ಣಿಗಾಗಿ ಕೆಲಸ ಮಾಡುತ್ತದೆ?

ಇಡೀ ವಿಷಯದ ಗುಟ್ಟು ಇಲ್ಲಿದೆ. ವಿಡಿಯೊ ಕೋಡೆಕ್ ತಯಾರಾಗಿರೋದು ನೋಡುವ ಕಣ್ಣಿಗೆ. ನಮ್ಮದು ಓದುವ ಕಣ್ಣು. ನೋಡುವವರು ವಿಡಿಯೊವನ್ನು ಓಡಿಸುತ್ತಾರೆ, ನಾವು ನಿಲ್ಲಿಸುತ್ತೇವೆ. ನಿಲ್ಲಿಸಿ, ಒಂದು ಫ್ರೇಮ್ ಹಿಂದೆ ಹೋಗಿ, ಒಂದು ಫ್ರೇಮ್ ಮುಂದೆ ಬಂದು, ಇದು ಪಕಾರವೋ ವಕಾರವೋ ಅಂತ ತಲೆ ಕೆರೆದುಕೊಳ್ಳುತ್ತೇವೆ.

ಕೋಡೆಕ್ ಏನನ್ನು ಬಿಸಾಕುತ್ತದೆ ನೋಡಿ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸುತ್ತದೆ. ಡಿವಿಡಿಯ ಎಂಪೆಗ್-2ರಲ್ಲಿ ಇದು 8×8 ಪಿಕ್ಸೆಲ್. ಪ್ರತಿ ಚೌಕದಲ್ಲೂ ಒಟ್ಟಾರೆ ಬೆಳಕು ಎಷ್ಟು, ನಿಧಾನಕ್ಕೆ ಬದಲಾಗುವ ಛಾಯೆ ಎಷ್ಟು, ಫಕ್ಕನೆ ಬದಲಾಗುವ ಸಣ್ಣ ಗೆರೆ ಎಷ್ಟು ಅಂತ ಬೇರೆ ಬೇರೆ ಅಳೆದು, ಕೊನೆಯದಕ್ಕೆ ಒರಟು ಅಳತೆಪಟ್ಟಿ ಹಿಡಿಯುತ್ತದೆ. ಸಣ್ಣ ಗೆರೆಯ ಬೆಲೆ ಆ ಪಟ್ಟಿಯ ಗೀಟುಗಳ ಅಂತರಕ್ಕಿಂತ ಕಡಿಮೆ ಇದ್ದರೆ ಅದು ಸೊನ್ನೆಯಾಗುವ ಸಂಭವ ಹೆಚ್ಚು. ಮುಖ, ಸೀರೆ, ಆಕಾಶ ಇವಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಸವೆದ ಶಾಸನದಲ್ಲಿ ಅಕ್ಷರ ಅನ್ನೋದೇ ಬಂಡೆಯ ಮೇಲಿನ ತೆಳು ನೆರಳು, ಸುತ್ತಲಿನ ಕಲ್ಲಿಗಿಂತ ನಾಲ್ಕೈದು ಮಟ್ಟ ಕಪ್ಪು ಅಷ್ಟೇ. ಕೋಡೆಕ್ ಕಣ್ಣಿಗೆ ಅದೂ ಗ್ರಾನೈಟಿನ ಚುಕ್ಕಿಯೂ ಒಂದೇ. ಎರಡನ್ನೂ ಒಟ್ಟಿಗೆ ಒರೆಸಿಬಿಡುತ್ತದೆ.

ಎರಡನೇ ತೊಂದರೆ ಚಲನೆ. ದೃಶ್ಯ ಓಡುತ್ತಿರುವಾಗ ಕಣ್ಣಿಗೆ ಸೂಕ್ಷ್ಮ ಕಾಣೋದಿಲ್ಲ ಅನ್ನೋದು ಕೋಡೆಕ್‌ನ ಲೆಕ್ಕಾಚಾರ. ಅದಕ್ಕೇ ಚಲನೆ ಹೆಚ್ಚಿರುವ ಫ್ರೇಮುಗಳ ಗುಣಮಟ್ಟ ಇಳಿಸುತ್ತದೆ. ಆದರೆ ಶಾಸನದ ವಿಡಿಯೊದಲ್ಲಿ ಕ್ಯಾಮೆರಾ ಸರಿಯುವುದು ಯಾವಾಗ? ಸಾಲಿನ ಉದ್ದಕ್ಕೂ ಅಕ್ಷರ ತೋರಿಸುತ್ತಾ ಹೋಗುವಾಗ. ನಮಗೆ ಅತಿ ಬೇಕಾದ ಗಳಿಗೆಯಲ್ಲೇ ಕೋಡೆಕ್ ಜಿಪುಣ ಆಗುತ್ತದೆ.

ಇದು ಬರೀ ಮಸುಕಿನ ಪ್ರಶ್ನೆಯೂ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ದಾಖಲೆಯಲ್ಲಿನ 6ನ್ನು 8 ಮಾಡಿ ಕೊಡುತ್ತಿದ್ದದ್ದನ್ನು ಕಂಡುಹಿಡಿದರು. ಕಾರಣ ಜೆಬಿಗ್-2 ಎಂಬ ಕುಗ್ಗಿಸುವ ವಿಧಾನ. ಒಂದೇ ಥರ ಕಾಣುವ ಅಂಕಿಗಳಿಗೆ ಒಂದೇ ಅಚ್ಚು ಬಳಸಿ ಜಾಗ ಉಳಿಸುತ್ತಿತ್ತು. ಪುಟ ಮಸುಕಾಗಿರಲಿಲ್ಲ, ಸ್ವಚ್ಛವಾಗಿತ್ತು, ತಪ್ಪಾಗಿತ್ತು. ವಿಡಿಯೊ ಕೋಡೆಕ್‌ಗಳು ಹೀಗೆ ಅಕ್ಷರ ಬದಲಿಸೋದಿಲ್ಲ. ಆದರೆ ಪಾಠ ನಮಗೂ ಅನ್ವಯಿಸುತ್ತದೆ. ಕನ್ನಡದ ೬ಕ್ಕೂ ೯ಕ್ಕೂ ಒಂದು ಸಣ್ಣ ಬಾಲದ ವ್ಯತ್ಯಾಸ. ಶಕವರ್ಷದ ಬಿಡಿ ಸ್ಥಾನದಲ್ಲಿ ಅದು ಹೋದರೆ 3 ವರ್ಷ ತಪ್ಪುತ್ತದೆ, ಹತ್ತರ ಸ್ಥಾನದಲ್ಲಿ ಹೋದರೆ 30 ವರ್ಷ. ಸಂವತ್ಸರದ ಹೆಸರು ಉಳಿದಿದ್ದರೆ ತಾಳೆ ನೋಡಬಹುದು. ಅದೇ ಸಾಲು ತ್ರುಟಿತವಾಗಿದ್ದರೆ?

ಮೊದಲ ನಿಯಮ: ಪಡಿಯಚ್ಚು ಬೇರೆ, ಕೈನಕಲು ಬೇರೆ

ಶಾಸನ ಓದುವವರಿಗೆ ಪಡಿಯಚ್ಚಿಗೂ ಕಣ್ಣಳತೆಯಲ್ಲಿ ಬರೆದುಕೊಂಡ ನಕಲಿಗೂ ಇರುವ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಡಿವಿಡಿಯಲ್ಲೂ ಅದೇ. ಮೊದಲು ಪಡಿಯಚ್ಚು ತೆಗೆಯಿರಿ, ಅಂದ್ರೆ ಡಿಸ್ಕಿನಲ್ಲಿರುವುದನ್ನು ಬೈಟ್ ಬೈಟ್ ಹಾಗೇ ಐಎಸ್‌ಒ ಫೈಲಾಗಿ ನಕಲು ಮಾಡಿ. ಏನನ್ನೂ ಕುಗ್ಗಿಸಬೇಡಿ. ಒಂದು ಡಿಸ್ಕಿಗೆ ಹೆಚ್ಚೆಂದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ನೂರು ಡಿಸ್ಕ್ ಸೇರಿಸಿದರೂ 470 ಜಿಬಿ. 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಅರ್ಧವೂ ತುಂಬೋದಿಲ್ಲ. ಕುಗ್ಗಿಸುವ ಅಗತ್ಯ ಬಂದದ್ದು ಡಿಸ್ಕ್ ದುಬಾರಿ ಇದ್ದ ಕಾಲದಲ್ಲಿ. ಈಗ ಆ ಲೆಕ್ಕ ಹಳತಾಗಿದೆ.

ಇದಕ್ಕೆ ಅವಸರವೂ ಇದೆ. ಮನೆಯಲ್ಲಿ ಬರೆದ ಡಿವಿಡಿಯಲ್ಲಿ ಮಾಹಿತಿ ಇರೋದು ಒಂದು ಸಾವಯವ ಬಣ್ಣದ ಪದರದಲ್ಲಿ, ತಲಾ 0.6 ಮಿ.ಮೀ.ನ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಅಂಟಿಸಿರುತ್ತಾರೆ. ಬಿಸಿಲು, ಶಾಖ, ತೇವ ಮೂರೂ ಅದಕ್ಕೆ ಆಗದು. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಡಿಸ್ಕಿನ ಪಾಡು ಹೇಳಬೇಕಿಲ್ಲ.

ಡಿಸ್ಕ್ ಓದಲು ತೊಂದರೆ ಕೊಟ್ಟರೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಬಳಸಿ. ಅದು ಮೊದಲು ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ತೆಗೆದುಕೊಂಡು, ಆಮೇಲೆ ಕೆಟ್ಟ ಸೆಕ್ಟರುಗಳಿಗೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ; ಎಲ್ಲಿಗೆ ನಿಂತಿತು ಅನ್ನೋದನ್ನು ಬರೆದಿಟ್ಟುಕೊಳ್ಳುವುದರಿಂದ ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಮುಂದುವರಿಸಬಹುದು. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದೋದುಂಟು. ಡಿಸ್ಕ್ ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಬೇಡ. ಕ್ಯಾಮೆರಾದಲ್ಲೇ ಬರೆದು ‘ಫೈನಲೈಜ್’ ಮಾಡದ ಡಿಸ್ಕುಗಳು ಕಂಪ್ಯೂಟರಿನಲ್ಲಿ ಖಾಲಿ ಅಂತ ತೋರಿಸಬಹುದು. ಖಾಲಿ ಅಂತ ಎಸೆಯಬೇಡಿ. ಅದೇ ಕ್ಯಾಮೆರಾ ಅಥವಾ ರೆಕಾರ್ಡರ್ ಸಿಕ್ಕರೆ ಅದರಲ್ಲಿ ಫೈನಲೈಜ್ ಮಾಡಿ.

ಐಎಸ್‌ಒ ಆದ ಮೇಲೆ ಅದರ ಶಾ-256 ಮೊತ್ತ ತೆಗೆದು ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ. ಹತ್ತು ವರ್ಷದ ಮೇಲೆ ಆ ಮೊತ್ತ ಮತ್ತೆ ತಾಳೆಯಾದರೆ ಒಂದು ಬಿಟ್ ಕೂಡ ಬದಲಾಗಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಎರಡು ಪ್ರತಿ ಮಾಡಿ, ಎರಡು ಊರಲ್ಲಿ ಇಡಿ.

ಐಎಸ್‌ಒ ತೆರೆಯೋದು ಕಿರಿಕಿರಿ ಅನ್ನಿಸಿದರೆ ಮೇಕ್‌ಎಂಕೆವಿಯಂಥ ಸಾಧನದಿಂದ ಒಳಗಿನ ಎಂಪೆಗ್-2 ವಿಡಿಯೊವನ್ನು ಹಾಗೇ ಎತ್ತಿ ಎಂಕೆವಿ ಪೆಟ್ಟಿಗೆಗೆ ಹಾಕಬಹುದು. ಇಲ್ಲಿ ಮರುಕುಗ್ಗಿಸುವಿಕೆ ಇಲ್ಲ. ಪೆಟ್ಟಿಗೆ ಬದಲಾಯಿತು, ಸರಕು ಅದೇ. ವಿಎಲ್‌ಸಿಯಲ್ಲಿ ನೇರ ಓಡುತ್ತದೆ. ‘ಎಂಪಿ4 ಮಾಡಿದರೆ ಚಿಕ್ಕದಾಗುತ್ತದೆ’ ಅನ್ನೋ ಮಾತು ಆಗಾಗ ಕೇಳುತ್ತದೆ. ಎಂಪಿ4, ಎಂಕೆವಿ ಅನ್ನೋದು ಪೆಟ್ಟಿಗೆಯ ಹೆಸರು. ಚಿಕ್ಕದು ಮಾಡೋದು ಒಳಗಿನ ಕೋಡೆಕ್.

ಓದು ಪ್ರತಿ: ಒಂದೊಂದೇ ಸೆಟ್ಟಿಂಗ್

ಮೂಲ ಭದ್ರವಾದ ಮೇಲೆ ಗೆಳೆಯರಿಗೆ ಕಳಿಸಲು, ಫೋನಿನಲ್ಲಿ ನೋಡಲು ಒಂದು ಚಿಕ್ಕ ಪ್ರತಿ ಬೇಕೇ ಬೇಕು. ಇದಕ್ಕೆ ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ಸಾಕು. ಒಳಗೆ ಕೆಲಸ ಮಾಡೋದು ಎಕ್ಸ್264. ಕಮ್ಯಾಂಡ್ ಬರೆಯುವ ಅಭ್ಯಾಸ ಇದ್ದವರಿಗೆ ಎಫ್‌ಎಫ್‌ಎಂಪೆಗ್ ಇದೆ.

*ಯಾವ ಕೋಡೆಕ್?* ಎಚ್.264 ಸಾಕು. 2003ರಲ್ಲಿ ಬಂದ ಇದು ಯಾವ ಫೋನಿನಲ್ಲೂ ಓಡುತ್ತದೆ. 2013ರ ಎಚ್.265 ಇನ್ನೂ ಚಿಕ್ಕ ಫೈಲ್ ಕೊಡುತ್ತದೆ ನಿಜ, ಆದರೆ ಕಡಿಮೆ ಬಿಟ್‌ರೇಟಿನಲ್ಲಿ ಅದರ ಸ್ವಭಾವ ಮೆತ್ತಗೆ ಮಾಡೋದು. ಮುಖಕ್ಕೆ ಒಳ್ಳೇದು, ಬಂಡೆಗೆ ಅಲ್ಲ. 2018ರ ಎವಿ1ರಲ್ಲಿ ‘ಫಿಲ್ಮ್ ಗ್ರೇನ್’ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿದರೆ ಚಿತ್ರದ ಸಣ್ಣ ಕಾಳುಗಳನ್ನು ಮೊದಲು ತೆಗೆದುಹಾಕಿ, ನೋಡುವಾಗ ಅದೇ ಥರದ ಕೃತಕ ಕಾಳನ್ನು ಉದುರಿಸುತ್ತದೆ. ಸಿನಿಮಾಗೆ ಭಾರಿ ಉಪಾಯ. ಶಾಸನದಲ್ಲಿ ಮಾತ್ರ ಕಲ್ಲಿನ ಮೈಯೇ ಕೃತಕವಾದಂತೆ. ಬೇಡ.

*ಗುಣಮಟ್ಟದ ಸಂಖ್ಯೆ.* ಇಷ್ಟು ಎಂಬಿ ಫೈಲ್ ಬೇಕು ಅಂತ ಬಿಟ್‌ರೇಟ್ ಕಟ್ಟಬೇಡಿ. ‘ಕಾನ್‌ಸ್ಟಂಟ್ ಕ್ವಾಲಿಟಿ’ ಆರಿಸಿ. ಹ್ಯಾಂಡ್‌ಬ್ರೇಕಿನಲ್ಲಿ ಆರ್‌ಎಫ್, ಎಫ್‌ಎಫ್‌ಎಂಪೆಗ್‌ನಲ್ಲಿ ಸಿಆರ್‌ಎಫ್ ಅಂತ ಹೆಸರು. ಸಂಖ್ಯೆ ಕಡಿಮೆ ಇದ್ದಷ್ಟೂ ಗುಣ ಹೆಚ್ಚು. ಎಕ್ಸ್264 ತಾನಾಗೇ ಇಟ್ಟುಕೊಳ್ಳುವ ಬೆಲೆ 23. ಮೇಲೆ ಹೇಳಿದ ಅಳತೆಪಟ್ಟಿಯ ಗೀಟುಗಳ ಅಂತರ ಪ್ರತಿ 6 ಅಂಕಕ್ಕೆ ದುಪ್ಪಟ್ಟಾಗುತ್ತದೆ: 16ರಲ್ಲಿ 4, 22ರಲ್ಲಿ 8, 28ರಲ್ಲಿ 16. ಸಿಆರ್‌ಎಫ್ ಮತ್ತು ಈ ಅಳತೆ ಪೂರಾ ಒಂದೇ ಅಲ್ಲ, ಆದರೆ ಅಕ್ಕಪಕ್ಕದಲ್ಲೇ ಓಡಾಡುತ್ತವೆ. ಡಿವಿಡಿ ಗಾತ್ರದ ವಿಡಿಯೊಗೆ ಸಾಮಾನ್ಯ ಸಲಹೆ 18ರಿಂದ 22. ಶಾಸನಕ್ಕೆ 16 ಇಡಿ. ಅಕ್ಷರ ತುಂಬಾ ಸವೆದಿದ್ದರೆ 14. ಅದಕ್ಕೂ ಕೆಳಗೆ ಹೋಗಬೇಕು ಅನ್ನಿಸಿದರೆ ಫೈಲ್ ಡಿವಿಡಿಯಷ್ಟೇ ದೊಡ್ಡದಾಗುತ್ತದೆ, ಆಗ ಐಎಸ್‌ಒ ಪ್ರತಿಯನ್ನೇ ಕಳಿಸೋದು ವಾಸಿ.

*ಟ್ಯೂನ್.* ಇದನ್ನು ಯಾರೂ ಮುಟ್ಟೋದಿಲ್ಲ, ನಮಗೆ ಇದೇ ಮುಖ್ಯ. ‘ಗ್ರೇನ್’ ಆರಿಸಿ. ಹೀಗೆ ಮಾಡಿದರೆ ಚೌಕದ ಅಂಚುಗಳನ್ನು ನಯ ಮಾಡುವ ಕೆಲಸ ಕಡಿಮೆಯಾಗುತ್ತದೆ, ಸಣ್ಣ ಬೆಲೆಗಳನ್ನು ಸೊನ್ನೆ ಮಾಡುವ ಚಪಲ ತಗ್ಗುತ್ತದೆ, ಚಲನೆ ಇರುವ ಫ್ರೇಮಿಗೂ ನಿಂತ ಫ್ರೇಮಿಗೂ ಗುಣದ ಅಂತರ ಕಿರಿದಾಗುತ್ತದೆ. ಸಿನಿಮಾ ರೀಲಿನ ಕಾಳು ಉಳಿಸಲು ಮಾಡಿದ ಈ ಆಯ್ಕೆ ಗ್ರಾನೈಟಿಗೆ ಚೆನ್ನಾಗಿ ಹೊಂದುತ್ತದೆ. ಫೈಲ್ ದೊಡ್ಡದಾಗುತ್ತದೆ, ಆಗಲಿ ಬಿಡಿ.

*ಪ್ರಿಸೆಟ್.* ‘ಸ್ಲೋ’ ಸಾಕು. ನಿಧಾನದ ಪ್ರಿಸೆಟ್ ಅದೇ ಕೆಲಸವನ್ನು ಹೆಚ್ಚು ಹುಡುಕಾಡಿ ಮಾಡುತ್ತದೆ ಅಷ್ಟೇ. ‘ಪ್ಲಾಸಿಬೊ’ ಇಟ್ಟು ರಾತ್ರಿಯಿಡೀ ಕಂಪ್ಯೂಟರ್ ಓಡಿಸೋದರಿಂದ ಕರೆಂಟ್ ಬಿಲ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಬರೋದಿಲ್ಲ.

*ಕೀ ಫ್ರೇಮ್ ಅಂತರ.* ಪೂರ್ತಿ ಚಿತ್ರವಾಗಿ ಉಳಿಯುವ ಫ್ರೇಮ್ ಎಷ್ಟಕ್ಕೊಂದು ಸಲ ಬರಬೇಕು ಅನ್ನೋದು. ಪಾಲ್ ಡಿವಿಡಿಯಲ್ಲಿ ಹೆಚ್ಚೆಂದರೆ 15 ಫ್ರೇಮಿಗೆ ಒಂದು. ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್264 ಬಳಸಿದರೆ ಅದು 250ರವರೆಗೂ ಹೋಗಬಹುದು. ನಾವು ಒಂದೊಂದೇ ಫ್ರೇಮ್ ಸರಿಸಿ ನೋಡುವವರು, ಹಿಂದೆ ಮುಂದೆ ನೆಗೆಯುವವರು. 50ಕ್ಕೆ ಇಳಿಸಿದರೆ ಓಡಾಟ ಸಲೀಸು. ವಿಎಲ್‌ಸಿಯಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಹಣಿಗೆ ಹಲ್ಲಿನ ಸಮಸ್ಯೆ

ಡಿವಿಡಿ ವಿಡಿಯೊ ನಿಲ್ಲಿಸಿದಾಗ ಅಕ್ಷರದ ಅಂಚಿಗೆ ಹಣಿಗೆ ಹಲ್ಲಿನಂಥ ಗೆರೆ ಕಂಡಿದ್ದೀರಲ್ವಾ? ಹಳೆಯ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು: ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗ ಬಿಟ್ಟು ಉಳಿದ 288. ಒಂದೊಂದು ಕಂತಿಗೂ ಫೀಲ್ಡ್ ಅಂತ ಹೆಸರು. ಕ್ಯಾಮೆರಾ ಅಲುಗದಿದ್ದರೆ ಎರಡೂ ಕೂಡಿ 576 ಗೆರೆಯ ಒಳ್ಳೇ ಚಿತ್ರ ಆಗುತ್ತದೆ. ಅಲುಗಿದ್ದರೆ ಎರಡು ಕಂತು ಹೊಂದೋದಿಲ್ಲ, ಹಲ್ಲು ಮೂಡುತ್ತದೆ.

ಇದನ್ನು ಸರಿಮಾಡುವುದಕ್ಕೆ ಡೀಇಂಟರ್‌ಲೇಸ್ ಅಂತಾರೆ. ತಪ್ಪು ವಿಧಾನಗಳು ಎರಡು. ಒಂದು ಫೀಲ್ಡನ್ನು ಎಸೆದುಬಿಡುವುದು: ಆಗ ಹತ್ತು ಗೆರೆಯ ಅಕ್ಷರಕ್ಕೆ ಐದೇ ಗೆರೆ ಉಳಿಯುತ್ತದೆ. ಕನ್ನಡಕ್ಕೆ ಇದು ವಿಶೇಷವಾಗಿ ಕೆಟ್ಟದ್ದು, ಯಾಕಂದ್ರೆ ನಮ್ಮ ತಲೆಕಟ್ಟು, ಗುಡಿಸು ಎಲ್ಲ ಅಕ್ಷರದ ನೆತ್ತಿಯ ಮೇಲೆ ಅಡ್ಡಡ್ಡ ಕೂರುತ್ತವೆ. ಅಡ್ಡಗೆರೆ ಹೋಯಿತು ಅಂದ್ರೆ ‘ಕಿ’ ಯಾವುದು ‘ಕ’ ಯಾವುದು? ಇನ್ನೊಂದು ತಪ್ಪು, ಎರಡೂ ಫೀಲ್ಡನ್ನು ಬೆರೆಸಿ ಸರಾಸರಿ ಮಾಡುವುದು. ಸರಿಯುವ ಶಾಟ್‌ನಲ್ಲಿ ಪ್ರತಿ ಗೀರೂ ಎರಡಾಗಿ ಕಾಣುತ್ತದೆ.

ಸರಿಯಾದದ್ದು: ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್, ಅದರಲ್ಲಿ ‘ಬಾಬ್’ ಆಯ್ಕೆ. ಅಲುಗದ ಜಾಗದಲ್ಲಿ ಎರಡೂ ಫೀಲ್ಡ್ ಬಳಸುತ್ತದೆ, ಅಲುಗಿದ ಜಾಗದಲ್ಲಿ ಮಾತ್ರ ಊಹೆ ಮಾಡುತ್ತದೆ. ಸೆಕೆಂಡಿಗೆ 50 ಫ್ರೇಮು ಸಿಗುತ್ತದೆ. ಫ್ರೇಮ್‌ರೇಟ್ ಜಾಗದಲ್ಲಿ ‘ಸೇಮ್ ಆ್ಯಸ್ ಸೋರ್ಸ್’ ಇಡಿ, 25ಕ್ಕೋ 30ಕ್ಕೋ ಕಟ್ಟಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ಸರಿಸುತ್ತಾ ತೆಗೆದ ವಿಡಿಯೊಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೆಳಕು ಸರಿದಂತೆ ಒಂದು ಫ್ರೇಮಿನಲ್ಲಿ ಎಡಗೀರು, ಇನ್ನೊಂದರಲ್ಲಿ ಬಲಗೀರು ಎದ್ದು ಕಾಣುತ್ತದೆ. ಸ್ಥಿರಚಿತ್ರಕ್ಕಿಲ್ಲದ ಈ ಅನುಕೂಲವನ್ನು ಫ್ರೇಮ್ ಉದುರಿಸಿ ಕಳೆದುಕೊಳ್ಳುವುದು ಬೇಡ.

ಅಕ್ಷರದ ದುಂಡಗೆ ಉಳಿಯಬೇಕಾದರೆ

ಡಿವಿಡಿಯ ಪಿಕ್ಸೆಲ್ ಚೌಕವಲ್ಲ. 720×576 ಅಂತ ಇಟ್ಟ ಚಿತ್ರವನ್ನು ಹಳೆಯ ಟಿವಿಯ 4:3 ಅಳತೆಗೆ ಸುಮಾರು 768×576ಕ್ಕೆ, ಅಗಲ ಪರದೆಯ 16:9 ಅಳತೆಗೆ 1024×576ಕ್ಕೆ ಹಿಗ್ಗಿಸಿ ತೋರಿಸಬೇಕು. ಈ ಸೂಚನೆ ಫೈಲಿನಿಂದ ಕಳಚಿದರೆ ಮೊದಲನೆಯದರಲ್ಲಿ ಅಕ್ಷರ ಶೇ. 6ರಷ್ಟು, ಎರಡನೆಯದರಲ್ಲಿ ಶೇ. 30ರಷ್ಟು ಕಿರಿದಾಗುತ್ತದೆ.

ಮದುಮಗ ಸ್ವಲ್ಪ ತೆಳ್ಳಗೆ ಕಂಡರೆ ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ನಾವು ಮಾತ್ರ ಕದಂಬರ ಕಾಲದ ಚೌಕ ತಲೆಯ ಲಿಪಿಯಿಂದ ಕಲ್ಯಾಣ ಚಾಲುಕ್ಯರ ಕಾಲದ ದುಂಡು ಅಕ್ಷರದವರೆಗೆ ಆಕಾರ ನೋಡಿಯೇ ಕಾಲ ಅಂದಾಜು ಮಾಡುವವರು. ಕುರುಗೋಡಿನ ಸಿಂದರ ಕಾಲದ ಶಾಸನವನ್ನು ಶೇ. 30ರಷ್ಟು ಹಿಂಡಿ ನೋಡಿ ಲಿಪಿಲಕ್ಷಣ ಚರ್ಚೆ ಮಾಡಿದರೆ ಆ ಚರ್ಚೆಗೆ ಅರ್ಥವಿಲ್ಲ. ಹ್ಯಾಂಡ್‌ಬ್ರೇಕಿನಲ್ಲಿ ‘ಅನಮಾರ್ಫಿಕ್’ ತಾನಾಗೇ ಇರಲು ಬಿಡಿ, ಗಾತ್ರ ಬದಲಿಸಬೇಡಿ, ಅಂಚು ಕತ್ತರಿಸುವ ‘ಕ್ರಾಪ್’ ಆಯ್ಕೆ ತೆಗೆದುಬಿಡಿ. ಸಾಲಿನ ಮೊದಲ ಅಕ್ಷರ ಅಂಚಿನಲ್ಲೇ ಇರೋದುಂಟು.

ಮುಟ್ಟಬಾರದ ಗುಂಡಿಗಳು

*ಡೀನಾಯ್ಸ್:* ಆಫ್. ಕ್ಯಾಮೆರಾದ ಗದ್ದಲ ತೆಗೆಯುತ್ತೇನೆ ಅಂತ ಹೇಳಿ ತೆಳು ಗೀರನ್ನೂ ತೆಗೆಯುತ್ತದೆ. ಟ್ರೈಪಾಡ್ ಮೇಲೆ ನಿಲ್ಲಿಸಿ ತೆಗೆದ ಶಾಟ್ ಇದ್ದರೆ ಇನ್ನೊಂದು ದಾರಿ ಇದೆ: 25 ಫ್ರೇಮುಗಳ ಸರಾಸರಿ ತೆಗೆದರೆ ಫ್ರೇಮಿಗೊಂದರಂತೆ ಬದಲಾಗುವ ಗದ್ದಲ ಐದರಲ್ಲೊಂದು ಭಾಗಕ್ಕೆ ಇಳಿಯಬೇಕು, ಅಕ್ಷರ ಹಾಗೇ ಉಳಿಯುತ್ತದೆ. ಕುಗ್ಗಿಸಿದ ವಿಡಿಯೊದಲ್ಲಿ ಅಷ್ಟು ಫಲ ಬರೋದಿಲ್ಲ, ಆದರೂ ಬರುತ್ತದೆ. ಇದನ್ನು ಮೂಲ ಎಂಪೆಗ್-2ರಿಂದ ಮಾಡಿ, ಓದು ಪ್ರತಿಯಿಂದಲ್ಲ.

*ಶಾರ್ಪನ್:* ಆಫ್. ಇಲ್ಲದ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ.

*ಗ್ರೇಸ್ಕೇಲ್:* ಬೇಡ. ಡಿವಿಡಿಯಲ್ಲಿ ಬಣ್ಣದ ಮಾಹಿತಿ 360×288 ಮಾತ್ರ, ಹಾಗಂತ ಉಪಯೋಗವಿಲ್ಲ ಅಂತಲ್ಲ. ಕುಂಕುಮದ ಕಲೆ ಯಾವುದು, ಕಲ್ಲುಹೂವು ಯಾವುದು, ನಿಜವಾದ ಗೀರಿನ ನೆರಳು ಯಾವುದು ಅಂತ ಬೇರ್ಪಡಿಸೋದು ಬಣ್ಣದಿಂದಲೇ.

*ಎಐ ಅಪ್‌ಸ್ಕೇಲ್:* ಇದು ಎಲ್ಲಕ್ಕಿಂತ ಅಪಾಯ. ತಾನು ಕಲಿತ ಲಕ್ಷಾಂತರ ಚಿತ್ರ ನೆನೆದು ಇಲ್ಲಿ ಏನಿರಬಹುದು ಅಂತ ಬಿಡಿಸುತ್ತದೆ. ಶಾಸನದಲ್ಲಿ ‘ಇರಬಹುದು’ ಅನ್ನೋದನ್ನು ನಾವು ಕಂಸದೊಳಗೆ ಹಾಕಿ, ಊಹಿಸಿದ ಪಾಠ ಅಂತ ಗುರುತು ಮಾಡುತ್ತೇವೆ. ಯಂತ್ರ ಕಂಸ ಹಾಕೋದಿಲ್ಲ.

ಧ್ವನಿಯನ್ನು ಮಾತ್ರ ಮುಟ್ಟದೇ ‘ಪಾಸ್‌ಥ್ರೂ’ ಬಿಡಿ. 256 ಕಿಲೋಬಿಟ್ ಎಸಿ-3 ಧ್ವನಿ ಗಂಟೆಗೆ 115 ಎಂಬಿ ತಿನ್ನುತ್ತದೆ ಅಷ್ಟೇ. ‘ಈ ಕಲ್ಲು ಮೊದಲು ಕೆರೆ ಏರಿ ಮೇಲಿತ್ತು’ ಅಂತ ಹಿನ್ನೆಲೆಯಲ್ಲಿ ಹಿರಿಯರೊಬ್ಬರು ಹೇಳಿರುತ್ತಾರೆ. ಎಷ್ಟೋ ಸಲ ಆ ಒಂದು ಮಾತೇ ಶಾಸನದ ಮೂಲಸ್ಥಾನಕ್ಕೆ ಆಧಾರ.

ಸೆಟ್ಟಿಂಗ್ ಸರಿಯಿದೆ ಅಂತ ಗೊತ್ತಾಗೋದು ಹೇಗೆ?

ಪಿಎಸ್‌ಎನ್‌ಆರ್, ವಿಮ್ಯಾಫ್ ಅಂತ ಗುಣಮಟ್ಟದ ಅಂಕಗಳಿವೆ. ಅವು ಇಡೀ ಫ್ರೇಮಿನ ಲೆಕ್ಕ ಕೊಡುತ್ತವೆ. ಫ್ರೇಮಿನ ಮುಕ್ಕಾಲು ಭಾಗ ಆಕಾಶ, ಹೊಲ, ನಿಂತ ಜನ ಇದ್ದರೆ ಅಂಕ ಚೆನ್ನಾಗೇ ಬರುತ್ತದೆ, ಅಕ್ಷರ ಹೋಗಿದ್ದರೂ ಬರುತ್ತದೆ. ನಮಗೆ ಎರಡು ಪರೀಕ್ಷೆ ಸಾಕು.

ಒಂದನೆಯದು ಕಳೆಯುವ ಲೆಕ್ಕ. ಅತಿ ಸವೆದ ಸಾಲು ಇರುವ 20 ಸೆಕೆಂಡು ತುಂಡನ್ನು 14, 18, 22, 26 ಹೀಗೆ ನಾಲ್ಕು ಥರ ಕುಗ್ಗಿಸಿ. ಅದೇ ತುಂಡನ್ನು ಅದೇ ಡೀಇಂಟರ್‌ಲೇಸ್ ವಿಧಾನದಲ್ಲಿ ಏನೂ ಕಳೆಯದ ಎಫ್‌ಎಫ್‌ವಿ1 ಕೋಡೆಕ್‌ಗೂ ತೆಗೆದಿಡಿ. ಹೋಲಿಕೆಗೆ ಇದು ಅಳತೆಗೋಲು. ಅದೇ ಫ್ರೇಮನ್ನು ಎರಡರಿಂದಲೂ ಪಿಎನ್‌ಜಿ ಆಗಿ ತೆಗೆದು, ಒಂದರಿಂದ ಒಂದನ್ನು ಕಳೆಯಿರಿ. ಜಿಂಪ್‌ನಲ್ಲಿ ‘ಡಿಫರೆನ್ಸ್’ ಪದರ ಹಾಕಿ ಬೆಳಕು ಹೆಚ್ಚಿಸಿದರೆ ಆಯಿತು. ಕಳೆದುಳಿದ ಚಿತ್ರದಲ್ಲಿ ಬರೀ ಉಪ್ಪು ಉದುರಿಸಿದಂಥ ಚುಕ್ಕಿ ಕಂಡರೆ ಸೆಟ್ಟಿಂಗ್ ಚೆನ್ನಾಗಿದೆ. ಅಕ್ಷರದ ಆಕಾರ ಕಂಡರೆ? ಆ ಅಕ್ಷರ ಕಸದ ಬುಟ್ಟಿಗೆ ಹೋಗುತ್ತಿದೆ ಅಂತ ಅರ್ಥ. ಸಂಖ್ಯೆ ಇಳಿಸಿ.

ಎರಡನೆಯದು ಕುರುಡು ಓದು. ನಾಲ್ಕೂ ಪ್ರತಿಯ ಚಿತ್ರಗಳನ್ನು ಆ ಶಾಸನದ ಮುದ್ರಿತ ಪಾಠ ನೋಡಿರದ ಒಬ್ಬ ಗೆಳೆಯರಿಗೆ ಕೊಡಿ, ಯಾವುದು ಯಾವುದು ಅಂತ ಹೇಳಬೇಡಿ. ಅತಿ ಕೆಟ್ಟ ಪ್ರತಿಯಿಂದ ಶುರು ಮಾಡಿ. ಒಳ್ಳೆಯದನ್ನು ಮೊದಲು ಕೊಟ್ಟರೆ ಅದರ ನೆನಪು ಉಳಿದದ್ದನ್ನು ಓದಿಸುತ್ತದೆ. ಎಲ್ಲಿಂದ ಓದು ನಿಲ್ಲುತ್ತದೆ ನೋಡಿ. ಪಾಠ ಗೊತ್ತಿರುವವರು ಇದಕ್ಕೆ ಆಗಿಬರೋದಿಲ್ಲ. ನಿಟ್ಟೂರು, ಉಡೆಗೋಳಗಳ ಅಶೋಕನ ಶಾಸನಗಳಲ್ಲಿ ರಾಜನ ಹೆಸರು ಇದೆ ಅಂತ ಓದಿಕೊಂಡವರಿಗೆ ಎಂಥ ಮಸುಕು ಚಿತ್ರ ತೋರಿಸಿದರೂ ಅಲ್ಲಿ ಆ ಹೆಸರು ಕಾಣುತ್ತದೆ. ಕಣ್ಣು ಗೊತ್ತಿದ್ದದ್ದನ್ನೇ ನೋಡುತ್ತದೆ.

ಕಳಿಸುವಾಗ, ಇಡುವಾಗ

ಇಷ್ಟೆಲ್ಲ ಮಾಡಿ ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿಬಿವರೆಗೆ ಹಾಗೇ ಹೋಗುತ್ತದೆ. ಯೂಟ್ಯೂಬ್ ಕೂಡ ತನ್ನದೇ ಲೆಕ್ಕದಲ್ಲಿ ಮರುಕುಗ್ಗಿಸುತ್ತದೆ; ತೋರಿಸಲು ಸರಿ, ಸಂಗ್ರಹಕ್ಕೆ ಅಲ್ಲ. ಚರ್ಚೆಗೆ ಒಂದು ಫ್ರೇಮ್ ಬೇಕಾದರೆ ಐಎಸ್‌ಒ ಪ್ರತಿಯಿಂದ ತೆಗೆಯಿರಿ, ಪಿಎನ್‌ಜಿಯಲ್ಲಿ ಇಡಿ, ವಿಡಿಯೊದ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರೆಯಿರಿ.

ಫೈಲಿನ ಹೆಸರಲ್ಲಿ ಊರು, ತಾಲೂಕು, ಕಲ್ಲು ಇದ್ದ ಜಾಗ, ಚಿತ್ರ ತೆಗೆದ ವರ್ಷ ಇರಲಿ. ಫೈಲಿನೊಳಗೆ ಕಾಣುವ ದಿನಾಂಕ ಡಿಸ್ಕ್ ಬರೆದ ದಿನದ್ದು, ಚಿತ್ರ ತೆಗೆದ ದಿನದ್ದಲ್ಲ. ಡಿಸ್ಕಿನ ಮೇಲೆ ಪೆನ್ನಿನಲ್ಲಿ ಬರೆದಿದ್ದನ್ನು, ಕವರಿನ ಚೀಟಿಯನ್ನು ಫೋಟೊ ತೆಗೆದು ಜೊತೆಗಿಡಿ. ಹಳೆಯ ಸಂಪುಟಗಳಲ್ಲಿ ‘ಊರ ಮುಂದಿನ ಕಲ್ಲು’ ಅಂತಷ್ಟೇ ಬರೆದದ್ದನ್ನು ಹಿಡಿದುಕೊಂಡು ಊರಲ್ಲಿ ಅಲೆದವರಿಗೆ ಈ ಚೀಟಿಯ ಬೆಲೆ ಗೊತ್ತು.

ಒಟ್ಟಾರೆ, ಗೋಡೆಗೆ ಅಂಟಿಸಿಕೊಳ್ಳಲು

- ಮೊದಲು ಐಎಸ್‌ಒ, ಶಾ-256 ಮೊತ್ತ, ಎರಡು ಊರಲ್ಲಿ ಎರಡು ಪ್ರತಿ.
- ಓದು ಪ್ರತಿಗೆ ಎಚ್.264, ಸಿಆರ್‌ಎಫ್ 16, ಸವೆದ ಕಲ್ಲಿಗೆ 14. ಪ್ರಿಸೆಟ್ ಸ್ಲೋ, ಟ್ಯೂನ್ ಗ್ರೇನ್, ಕೀ ಫ್ರೇಮ್ 50ಕ್ಕೊಂದು.
- ಡೀಇಂಟರ್‌ಲೇಸ್ ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್, ಬಾಬ್. ಸೆಕೆಂಡಿಗೆ 50 ಫ್ರೇಮು.
- ಗಾತ್ರ ಬದಲಿಲ್ಲ, ಕ್ರಾಪ್ ಇಲ್ಲ, ಅನಮಾರ್ಫಿಕ್ ಸೂಚನೆ ಉಳಿಯಲಿ.
- ಡೀನಾಯ್ಸ್, ಶಾರ್ಪನ್, ಗ್ರೇಸ್ಕೇಲ್, ಎಐ ಎಲ್ಲ ಆಫ್. ಧ್ವನಿ ಪಾಸ್‌ಥ್ರೂ.

ನಿಮ್ಮೂರಲ್ಲಿ ಗುಡಿ ಜೀರ್ಣೋದ್ಧಾರಕ್ಕೆ ಮುಂಚಿನ ಜಾತ್ರೆ ಡಿವಿಡಿ ಯಾರ ಮನೆಯಲ್ಲಿದೆ ಅಂತ ವಿಚಾರಿಸಿ ನೋಡ್ರಿ. ಪೂಜಾರಿಯವರ ಮನೆ, ಶಾಲೆಯ ಬೀರು, ಹಳೇ ಸ್ಟುಡಿಯೊದ ಕಪಾಟು ಇಂಥ ಕಡೆ ಸಿಗುತ್ತವೆ. ಒಂದು ದಿನದ ಮಟ್ಟಿಗೆ ಕೇಳಿ ತಂದು, ಐಎಸ್‌ಒ ಮಾಡಿಕೊಂಡು, ಡಿಸ್ಕನ್ನು ಹಾಗೇ ವಾಪಸ್ ಕೊಡಿ. ತೇರು ನೋಡೋದು ಆಮೇಲೆ ಇರಲಿ. ಮೊದಲು ತೇರಿನ ಹಿಂದಿರುವ ಗೋಡೆ, ಕಟ್ಟೆ, ಮೆಟ್ಟಿಲು ನೋಡಿ. ಅಲ್ಲೊಂದು ಬರೆದ ಕಲ್ಲು ಕಂಡರೂ ಕಾಣಬಹುದು.